ಹೇಳಿಕೊಡುವವಳಿಗೆ ಹೇಳಿಕೊಡುವವರು ಯಾರು?

ಅಂಗನವಾಡಿಗೆ ಐವತ್ತು ತುಂಬಿತು. ಮಗು ಸಾಕುವ ಬಗೆಯನ್ನು ಮನೆಬಾಗಿಲಿಗೇ ಹೋಗಿ ತಿಳಿಸುವ ಲಕ್ಷಾಂತರ ಹೆಂಗಸರು ನಮ್ಮಲ್ಲಿದ್ದಾರೆ. ಅವರು ತಟ್ಟುವ ಬಾಗಿಲುಗಳು ನೂರು ಬಗೆ. ಕೈಗೆ ಸಿಕ್ಕ ತರಬೇತಿ ಒಂದೇ ಬಗೆ!

ತಾಲ್ಲೂಕು ಪಂಚಾಯಿತಿಯ ಸಭಾಂಗಣ. ಫ್ಯಾನು ತಿರುಗುತ್ತಿದೆ, ಗಾಳಿ ಮಾತ್ರ ಬರುತ್ತಿಲ್ಲ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅಂಗನವಾಡಿ ಟೀಚರುಗಳು ಒತ್ತೊತ್ತಾಗಿ ಕೂತಿದ್ದಾರೆ. ಬೆಳಿಗ್ಗೆಯಿಂದ ಪರದೆಯ ಮೇಲೆ ಓಡಿದ ಸ್ಲೈಡುಗಳಿಗೆ ಎಲ್ಲರ ಕಣ್ಣೂ ಎಳೆಯುತ್ತಿವೆ. ಮಾಸ್ಟರ್ ಟ್ರೈನರ್‌ಗೂ ಅದು ಗೊತ್ತಾಯಿತೇನೋ. "ಈಗ ನಾಟಕ" ಎಂದರು.

ಮೂವರು ಎದ್ದರು. ಒಬ್ಬಾಕೆ ತಲೆಗೆ ಸ್ಕಾರ್ಫ್ ಬಿಗಿದು ಬಾಣಂತಿಯಾದಳು. ಮಡಚಿದ ಶಾಲು ಕೂಸಾಯಿತು. ಇನ್ನೊಬ್ಬಾಕೆ ಸೊಂಟದ ಮೇಲೆ ಕೈಯಿಟ್ಟು ಅತ್ತೆಯಾದಳು. ಮೂರನೆಯಾಕೆ ಫ್ಲಿಪ್ ಚಾರ್ಟ್ ಹಿಡಿದು ಟೀಚರ್ ಆಗಿಯೇ ಉಳಿದಳು.

"ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡಬಾರದು ಕಣಮ್ಮ. ನೀರೂ ಬೇಡ."

ಬಾಣಂತಿ ತಲೆಯಾಡಿಸುವ ಮೊದಲೇ ಅತ್ತೆ ಬಾಯಿ ಹಾಕಿದಳು. "ನಾನು ಐದು ಹೆತ್ತಿದೀನಿ ಟೀಚರಮ್ಮ. ಐದಕ್ಕೂ ಬಜೆ ತೇದು ನೆಕ್ಸಿದೀನಿ. ಐದೂ ಗುಂಡುಕಲ್ಲಿನಂಗವೆ. ನಿಮಗೆಷ್ಟು ಮಕ್ಳು?"

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಟೀಚರ್ ಪಾತ್ರದಾಕೆ ಫ್ಲಿಪ್ ಚಾರ್ಟಿನ ಮುಂದಿನ ಪುಟ ತಿರುವಿದಳು. ಈ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ.

ಯಾವ ತಾಲ್ಲೂಕಿನ ತರಬೇತಿಯಲ್ಲಾದರೂ ಇಂಥದೊಂದು ಪ್ರಸಂಗ ಎದುರಾಗುತ್ತದೆ. ಅಲ್ಲಿ ಎಲ್ಲರೂ ನಗುವುದು ಅತ್ತೆಯ ಪಾತ್ರ ಚೆನ್ನಾಗಿ ಬಂತೆಂದಲ್ಲ, ಆ ಅತ್ತೆಯನ್ನು ಪ್ರತಿಯೊಬ್ಬರೂ ಖುದ್ದಾಗಿ ಕಂಡವರು ಎಂದು.

ಆರನೆಯ ಸೇವೆ

1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. 18 ಗ್ರಾಮೀಣ, 11 ಬುಡಕಟ್ಟು ಪ್ರದೇಶ, 4 ನಗರ. ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ, ನೂರು ಕೇಂದ್ರಗಳೊಂದಿಗೆ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ದೇಶದಲ್ಲಿ ಹದಿನಾಲ್ಕು ಲಕ್ಷದ ಆಸುಪಾಸು.

ಯೋಜನೆಯಲ್ಲಿ ಆರು ಸೇವೆಗಳನ್ನು ಬರೆದಿದ್ದರು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ಶಾಲಾಪೂರ್ವ ಶಿಕ್ಷಣ. ಆರನೆಯದು ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ. ಅದು ಮಕ್ಕಳಿಗಲ್ಲ, ತಾಯಂದಿರಿಗೆ. ಮೊದಲ ಐದನ್ನು ಊರು ಕಣ್ಣಾರೆ ಕಾಣುತ್ತದೆ: ಮೊಟ್ಟೆ, ಸೂಜಿ, ತೂಕದ ಯಂತ್ರ, ಪ್ರಾಸದ ಹಾಡು. ಆರನೆಯದು ಮನೆ ಭೇಟಿಯಲ್ಲಿ, ಜಗಲಿಯ ಮೇಲೆ, ಮಾತಿನಲ್ಲಿ ನಡೆಯುವಂಥದ್ದು. ಕಣ್ಣಿಗೆ ಕಾಣದ್ದಕ್ಕೆ ಲೆಕ್ಕವೂ ಕಡಿಮೆ.

ಬೇರೆ ದೇಶಗಳಲ್ಲಿ ಈ ಕೆಲಸವೇ ಒಂದು ವೃತ್ತಿ. ಪಾಲನಾ ಶಿಕ್ಷಕರು ಎಂಬ ಹುದ್ದೆ, ಅದಕ್ಕೊಂದು ಪ್ರಮಾಣಪತ್ರ, ಅದನ್ನು ಊರ್ಜಿತದಲ್ಲಿಡಲು ಆಗಾಗ ಮರುತರಬೇತಿ. ನಮ್ಮಲ್ಲಿ ಅದೇ ಕೆಲಸ ಮಾಡುವಾಕೆ ಅಡುಗೆಯ ದಾಸ್ತಾನು ನೋಡಬೇಕು, ಸರ್ವೆ ಮಾಡಬೇಕು, ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯಬೇಕು, ಎಷ್ಟೋ ಕಡೆ ಮತದಾರರ ಪಟ್ಟಿ ಹಿಡಿದು ಬೀದಿ ಸುತ್ತಬೇಕು. ಕೈಗೆ ಬರುವುದು ಸಂಬಳವಲ್ಲ, 'ಗೌರವಧನ'. ಗ್ರಾಚ್ಯುಟಿಗೆ ಆಕೆ ಅರ್ಹಳು ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂತು. ಗುಜರಾತಿನ ಕಾರ್ಯಕರ್ತೆಯರ ಆ ಪ್ರಕರಣದಲ್ಲಿ ತೀರ್ಪು ಬಂದದ್ದು 2022ರ ಏಪ್ರಿಲ್‌ನಲ್ಲಿ, ಯೋಜನೆಗೆ 47 ನಡೆಯುತ್ತಿದ್ದಾಗ.

ಪುಸ್ತಕ ಚೆನ್ನಾಗಿದೆ

ಸಾಮಗ್ರಿಯ ಕೊರತೆ ಈಗ ಮೊದಲಿನಷ್ಟಿಲ್ಲ ಎಂಬುದನ್ನು ಒಪ್ಪಬೇಕು. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 'ಪೋಷಣ್ ಭೀ ಪಢಾಯೀ ಭೀ' ಎಂಬ ಕಾರ್ಯಕ್ರಮ ತಂದಿತು. ಅಂಗನವಾಡಿ ಎಂದರೆ ಊಟದ ಮನೆಯಷ್ಟೇ ಅಲ್ಲ, ಕಲಿಕೆಯ ಮನೆಯೂ ಹೌದು ಎನ್ನುವುದು ಅದರ ತಾತ್ಪರ್ಯ. ಮರುವರ್ಷ ಎರಡು ಕೈಪಿಡಿ ಬಂದವು: ಮೂರರಿಂದ ಆರು ವರ್ಷದವರಿಗೆ 'ಆಧಾರಶಿಲಾ', ಹುಟ್ಟಿನಿಂದ ಮೂರರವರೆಗೆ 'ನವಚೇತನಾ'.

ನವಚೇತನಾ ನಿಜಕ್ಕೂ ಓದಿಸಿಕೊಳ್ಳುವ ಪುಸ್ತಕ. 36 ತಿಂಗಳ ಕ್ಯಾಲೆಂಡರು, 140 ಚಟುವಟಿಕೆ. ನಾಲ್ಕು ತಿಂಗಳ ಕೂಸಿನ ಜತೆ ಏನು ಮಾತಾಡಬೇಕು, ಒಂದು ವರ್ಷದ ಮಗುವಿನ ಕೈಗೆ ಯಾವ ಪಾತ್ರೆ ಕೊಡಬೇಕು ಎಂದೆಲ್ಲ ಇದೆ. ಅಂಗವೈಕಲ್ಯದ ಸುಳಿವನ್ನು ಬೇಗ ಗುರುತಿಸುವ ದಾರಿಯೂ ಇದೆ. ನಮ್ಮ ರಾಜ್ಯದ 'ಚಿಲಿಪಿಲಿ' ಇದಕ್ಕಿಂತ ಎಷ್ಟೋ ಮೊದಲಿನದು; ಅಂಗನವಾಡಿಯ ಗೋಡೆಗಳ ಮೇಲೆ ಅದರ ಬಣ್ಣ ಇನ್ನೂ ಇದೆ.

ತರಬೇತಿ ಎಷ್ಟು ದಿನ? ಟೀಚರುಗಳಿಗೆ ಮೂರು.

ಮೂರು ದಿನ ಸಾಲದು ಎನ್ನುವುದು ಸುಲಭದ ಟೀಕೆ. ನನ್ನ ತಕರಾರು ಅದಲ್ಲ. ಎರಡೇ ದಿನದ ತರಬೇತಿ ಪಡೆದು, ಜಗತ್ತೇ ತಿರುಗಿ ನೋಡುವಂಥ ಕೆಲಸ ಮಾಡಿದ ಹೆಂಗಸರು ಗಡಿಯಾಚೆ ಇದ್ದಾರೆ.

ರಾವಲ್ಪಿಂಡಿಯ ಹದಿನಾರು ಭೇಟಿ

ಪಾಕಿಸ್ತಾನದಲ್ಲಿ 'ಲೇಡಿ ಹೆಲ್ತ್ ವರ್ಕರ್' ಎಂದರೆ ಹೆಚ್ಚೂ ಕಡಿಮೆ ನಮ್ಮ ಆಶಾ ಕಾರ್ಯಕರ್ತೆ. ಹೈಸ್ಕೂಲು ಓದಿದ, ಅದೇ ಊರಿನ ಹೆಂಗಸು. ಮನೋವೈದ್ಯ ಆತಿಫ್ ರಹಮಾನ್ ಮತ್ತು ಸಂಗಡಿಗರು ರಾವಲ್ಪಿಂಡಿಯ ಹಳ್ಳಿಗಳಲ್ಲಿ ಇವರ ಕೈಗೆ ಕಷ್ಟದ ಕೆಲಸವೊಂದನ್ನು ಕೊಟ್ಟರು: ಖಿನ್ನತೆಗೆ ಬಿದ್ದ ಬಸುರಿಯರ ಮನೆಗೆ ಹೋಗಿ ಅವರ ಮನಸ್ಸನ್ನು ಎತ್ತಿ ನಿಲ್ಲಿಸುವುದು. ತಾಯಿ ಮಂಕಾದರೆ ಕೂಸು ಸೊರಗುತ್ತದೆ ಎಂಬುದು ಆಗಲೇ ಕಂಡುಬಂದಿತ್ತು.

40 ಯೂನಿಯನ್ ಕೌನ್ಸಿಲುಗಳು (ನಮ್ಮ ಪಂಚಾಯಿತಿಗಳಂಥವು), 903 ತಾಯಂದಿರು. ಬಸುರಿಗೆ ಎಂಟು ತುಂಬಿದ ಮೇಲೆ ವಾರಕ್ಕೊಮ್ಮೆ, ಹೆರಿಗೆಯಾದ ತಿಂಗಳಲ್ಲಿ ಮೂರು ಸಲ, ಆಮೇಲೆ ತಿಂಗಳಿಗೊಮ್ಮೆ. ಒಟ್ಟು ಹದಿನಾರು ಭೇಟಿ. ಮಗುವಿಗೆ ಆರು ತಿಂಗಳಾದಾಗ ನೋಡಿದರೆ ಈ ಭೇಟಿ ಸಿಕ್ಕ ತಾಯಂದಿರಲ್ಲಿ ಖಿನ್ನತೆ ಉಳಿದದ್ದು ಶೇ 23ರಷ್ಟು ಮಂದಿಗೆ. ಮನೆಗೆ ಅಷ್ಟೇ ಸಲ ಹೋದರೂ ಈ ವಿಧಾನ ಬಳಸದ ಕಡೆ ಶೇ 53. 2008ರಲ್ಲಿ 'ಲ್ಯಾನ್ಸೆಟ್' ಇದನ್ನು ಪ್ರಕಟಿಸಿತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಇದರ ಕೈಪಿಡಿಯನ್ನು ತನ್ನದಾಗಿಸಿಕೊಂಡಿತು.

ಆ ಕಾರ್ಯಕರ್ತೆಯರಿಗೆ ಸಿಕ್ಕ ತರಬೇತಿ ಎರಡು ದಿನ. ನಾಲ್ಕು ತಿಂಗಳ ಮೇಲೆ ಒಂದು ದಿನದ ಮರುಪಾಠ. ಅದರ ಜತೆಗೆ ಪ್ರತಿ ತಿಂಗಳೂ ಅರ್ಧ ದಿನ ಮೇಲ್ವಿಚಾರಕರೊಂದಿಗೆ ಗುಂಪಾಗಿ ಕೂರುವುದು. ಯಾವ ಮನೆಯಲ್ಲಿ ಏನಾಯಿತು, ಎಲ್ಲಿ ಮಾತು ತೋಚಲಿಲ್ಲ, ಯಾವ ಅತ್ತೆ ಬಾಗಿಲು ಹಾಕಿದಳು? ಅಲ್ಲಿ ಲೆಕ್ಕಕ್ಕಿಂತ ಕಷ್ಟಸುಖದ್ದೇ ಮಾತು.

ಇನ್ನೊಂದು ಜಾಣತನವೂ ಇತ್ತು. 'ಖಿನ್ನತೆ', 'ಕಾಯಿಲೆ' ಎಂದರೆ ಮನೆಯವರು ಸಿಡಿಮಿಡಿಗೊಳ್ಳುತ್ತಿದ್ದರು. ಕೂಸಿನ ಆರೋಗ್ಯಕ್ಕಾಗಿ ಬಂದಿದ್ದೇವೆ ಎಂದರೆ ಅತ್ತೆಯೇ ಚಾಪೆ ಹಾಸುತ್ತಿದ್ದಳು. ಅವಳನ್ನೂ ಕೂರಿಸಿಕೊಂಡೇ ಮಾತು.

ಜಮೈಕಾದ ಕತೆ ಇದಕ್ಕಿಂತ ಹಳೆಯದು. 1986–87ರಲ್ಲಿ ಕಿಂಗ್‌ಸ್ಟನ್‌ನ ಬಡ ಬಡಾವಣೆಗಳಲ್ಲಿ ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ತಂಡ ಆರಿಸಿಕೊಂಡಿತು. ಅವರಲ್ಲಿ ಅರ್ಧದಷ್ಟು ಮಕ್ಕಳ ಮನೆಗೆ ಸ್ಥಳೀಯ ಆರೋಗ್ಯ ಸಹಾಯಕಿ ವಾರಕ್ಕೊಂದು ಗಂಟೆ ಹೋಗುತ್ತಿದ್ದಳು, ಎರಡು ವರ್ಷ. ಕೈಯಲ್ಲಿ ಚೀಲ, ಅದರಲ್ಲಿ ಬಿಸಾಡಿದ ಬಾಟಲಿಯಿಂದ ಮಾಡಿದ ಗಿಲಕಿ, ರಟ್ಟಿನ ಚಿತ್ರಪುಸ್ತಕ, ಮರದ ತುಂಡು. ಆಟ ಮೊದಲು ತಾನು ಆಡಿ ತೋರಿಸುವಳು, ಆಮೇಲೆ ತಾಯಿಯ ಕೈಲಿ ಆಡಿಸುವಳು, ಚೆನ್ನಾಗಿ ಆಡಿಸಿದಾಗ ಬಾಯ್ತುಂಬ ಹೊಗಳುವಳು. ಆಟಿಕೆ ವಾರಪೂರ್ತಿ ಆ ಮನೆಯಲ್ಲೇ. ಮುಂದಿನ ವಾರ ಅದನ್ನು ಹಿಂದಕ್ಕೆ ಪಡೆದು ಇನ್ನೊಂದು ಕೊಡುವಳು.

ಆ ಮಕ್ಕಳು 22ರ ಹರೆಯಕ್ಕೆ ಬಂದಾಗ ಅವರ ಗಳಿಕೆ ಜತೆಯವರಿಗಿಂತ ಶೇ 25ರಷ್ಟು ಹೆಚ್ಚಿತ್ತು. ಅರ್ಥಶಾಸ್ತ್ರಜ್ಞರಿಗೆ ಅಂಗೈಯಗಲದ ಮಕ್ಕಳ ಬಗ್ಗೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿದ್ದು ಆ ಅಂಕಿ ನೋಡಿದ ಮೇಲೆ! ಇವತ್ತು 'ರೀಚ್ ಅಪ್' ಎಂಬ ಹೆಸರಿನಲ್ಲಿ ಆ ತರಬೇತಿಯ ಕೈಪಿಡಿ ಹಲವು ದೇಶಗಳಲ್ಲಿ ಓಡಾಡುತ್ತಿದೆ. ಅದರ ತರಬೇತಿ ಚಿತ್ರಗಳನ್ನು ತೆಗೆದದ್ದು ಜಮೈಕಾ, ಪೆರು, ಬಾಂಗ್ಲಾದೇಶದ ಮನೆಗಳಲ್ಲಿ. ಢಾಕಾದ ತಾಯಿ ಕೂಸಿಗೆ ಆಟ ಹೇಳಿಕೊಡುವುದನ್ನು ನೋಡಿದ ನಮ್ಮ ಟೀಚರ್ 'ಇದು ನಮ್ಮೂರಲ್ಲಾಗದು' ಎಂದು ಹೇಳಲಾರಳು.

ರೀಚ್ ಅಪ್‌ನಲ್ಲೂ ಮೇಲ್ವಿಚಾರಕಿ ಆಗಾಗ ಕಾರ್ಯಕರ್ತೆಯ ಜತೆಗೇ ಮನೆ ಭೇಟಿಗೆ ಹೋಗಬೇಕು. ಎರಡೂ ಕಡೆ ಗೆದ್ದದ್ದು ತರಬೇತಿ ಮುಗಿದ ಮರುದಿನದಿಂದ ಬೆನ್ನಿಗಿದ್ದ ಒಬ್ಬರಿಂದ. ನಮ್ಮಲ್ಲಿ ಆ ಜಾಗದಲ್ಲಿರುವ ಮೇಲ್ವಿಚಾರಕಿಗೆ ಸುಮಾರು 25 ಕೇಂದ್ರಗಳ ಹೊಣೆ. ವೃತ್ತ ಸಭೆ ನಡೆಯುತ್ತದೆ. ಅಲ್ಲಿ ಮಾತು ಬಹುಪಾಲು ದಾಖಲಾತಿ, ದಾಸ್ತಾನು, ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಯಾರದು ಬಾಕಿ ಎಂಬುದರ ಸುತ್ತ. ಕೆಲ ವರ್ಷಗಳ ಹಿಂದೆ ತಿಂಗಳಿಗೊಂದು ವಿಷಯದಂತೆ ಇಪ್ಪತ್ತೊಂದು ಪಾಠಗಳನ್ನು ಹಂತಹಂತವಾಗಿ ಈ ಸಭೆಗಳಲ್ಲೇ ಕಲಿಸುವ ಕ್ರಮವನ್ನು ಇಲಾಖೆಯೇ ತಂದಿತ್ತು. ದಾರಿ ಸರಿಯಾಗಿಯೇ ಇತ್ತು.

┃ ಮನೆಗೆ ಬಂದ ಪಾಠ ┃
*ಸಿನಿಮಾ ನಟ ಸ್ಪೆನ್ಸರ್ ಟ್ರೇಸಿಯ ಮಗನಿಗೆ ಕಿವಿ ಕೇಳುತ್ತಿರಲಿಲ್ಲ. ಹೆಂಡತಿ ಲೂಯಿಸ್ ಟ್ರೇಸಿ 1942ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮಗನ ಹೆಸರಿನಲ್ಲೇ ಒಂದು ಕ್ಲಿನಿಕ್ ತೆರೆದರು. ಕಿವುಡು ಮಕ್ಕಳ ತಂದೆತಾಯಿಗೆ ಅಂಚೆಯ ಮೂಲಕ ಪಾಠ ಕಳಿಸುವ ಅವರ ಕೋರ್ಸ್ ದೇಶದೇಶಗಳಿಗೆ ಹೋಯಿತು.*
*ಅಮೆರಿಕದ ವಿಸ್ಕಾನ್ಸಿನ್‌ನ ಪೋರ್ಟೇಜ್ ಎಂಬ ಊರಿನ ಸುತ್ತ ವಿಶೇಷ ಶಾಲೆಗಳಿಗೆ ಬಲು ದೂರ. 1969ರಲ್ಲಿ ಮಗುವನ್ನು ಶಾಲೆಗೆ ಕರೆತರುವ ಬದಲು ಶಿಕ್ಷಕರನ್ನೇ ವಾರಕ್ಕೊಮ್ಮೆ ಮನೆಗೆ ಕಳಿಸಿದರು. ಪಾಠ ಮಗುವಿಗಲ್ಲ, ತಾಯಿಗೆ. 'ಪೋರ್ಟೇಜ್ ಕೈಪಿಡಿ' ಆಮೇಲೆ ಭಾರತಕ್ಕೂ ಬಂತು.*

ಬಾಗಿಲ ಹಿಂದೆ ಯಾರಿದ್ದಾರೆ?

ಫ್ಲಿಪ್ ಚಾರ್ಟಿನ ಕುಟುಂಬ ಹೇಗಿರುತ್ತದೆ ನೋಡಿ. ಮೀಸೆಯ ಅಪ್ಪ, ಸೆರಗು ಹೊದ್ದ ಅಮ್ಮ, ಒಂದು ಗಂಡು, ಒಂದು ಹೆಣ್ಣು, ಹಿಂದೊಂದು ಹೆಂಚಿನ ಮನೆ, ಅಂಗಳದಲ್ಲಿ ನುಗ್ಗೆ ಗಿಡ. ಎಲ್ಲರೂ ನಗುತ್ತಿರುತ್ತಾರೆ.

ಈಗ ಟೀಚರ್ ನಿಜಕ್ಕೂ ತಟ್ಟುವ ಬಾಗಿಲುಗಳು. ಬೆಂಗಳೂರಿನ ಅಂಚಿನಲ್ಲಿ ನೀಲಿ ಟಾರ್ಪಾಲಿನ ಶೆಡ್ಡು. ಯಾದಗಿರಿಯಿಂದ ಗುಳೆ ಬಂದ ಜೋಡಿ. ತಾಯಿ ಕಾರ್ಡ್ ಊರಲ್ಲೇ ಉಳಿದಿದೆ. ಎರಡು ತಿಂಗಳಲ್ಲಿ ಕಟ್ಟಡದ ಕೆಲಸ ಮುಗಿದರೆ ಶೆಡ್ಡೂ ಇಲ್ಲ, ಅವರೂ ಇಲ್ಲ. ಕೊಡಗಿನ ತೋಟದ ಲೈನ್ ಮನೆ. ಅಸ್ಸಾಮಿನಿಂದ ಬಂದವರು, ಕನ್ನಡವೂ ಕೊಡವ ತಕ್ಕೂ ಬಾರದು. ಹುಣಸೂರು, ಎಚ್.ಡಿ. ಕೋಟೆ ಕಡೆಯ ಜೇನುಕುರುಬರ ಹಾಡಿ. ವಿಜಯಪುರದ ತಾಂಡಾ, ಕಬ್ಬು ಕಡಿಯಲು ಅಪ್ಪ ಅಮ್ಮ ಹೋದ ಮೇಲೆ ಕೂಸು ಅಜ್ಜಿಯ ಮಡಿಲಲ್ಲಿ. ಕರಾವಳಿಯ ಮನೆ, ಅಪ್ಪ ದುಬೈಯ ಫೋನಿನ ಪರದೆಯಲ್ಲಿ. ದೇವದಾಸಿ ಪದ್ಧತಿಗೆ ಬಲಿಯಾದ ಹೆಣ್ಣುಮಗಳ ಮನೆ. ಫಾರಂ ತೆಗೆದ ಕೂಡಲೇ ಕಾಡುವ 'ತಂದೆಯ ಹೆಸರು' ಎಂಬ ಕಾಲಮ್ಮು.

ಇವರಲ್ಲಿ ಯಾರಿಗೂ ಮಗುವಿನ ಮೇಲೆ ಅಕ್ಕರೆ ಕಡಿಮೆಯಿಲ್ಲ. ಆದರೆ 'ದಿನಾ ಸಂಜೆ ಮಗುವಿಗೆ ಕತೆ ಹೇಳಿ' ಎಂಬ ಒಂದೇ ವಾಕ್ಯ ಇಲ್ಲಿ ಒಂದೊಂದು ಮನೆಯಲ್ಲಿ ಒಂದೊಂದು ಥರ ಕೇಳಿಸುತ್ತದೆ. ಗಾರೆ ಕೆಲಸದಿಂದ ಸೊಂಟ ಬಿದ್ದುಹೋದವಳಿಗೆ ಅದು ಬೈಗುಳದಂತೆ ಕೇಳಿಸಿದರೂ ಆಶ್ಚರ್ಯವಿಲ್ಲ. ಅವಳು ಬೆಳಿಗ್ಗೆ ರೊಟ್ಟಿ ಬಡಿಯುವಾಗ ಮಗು ಪಕ್ಕದಲ್ಲೇ ಕೂತು ಹಿಟ್ಟಿನಲ್ಲಿ ಆಡುತ್ತದಲ್ಲ, ಅದೇ ಅವಳ ಕತೆಯ ಹೊತ್ತು. ಅದನ್ನು ಕಂಡುಹಿಡಿಯಬೇಕಾದರೆ ಟೀಚರ್ ಹೇಳುವುದನ್ನು ನಿಲ್ಲಿಸಿ ಕೇಳಬೇಕು. ಯಾವ ಮನೆಯಲ್ಲಿ ಯಾರು ಯಾವಾಗ ಮಗುವಿನ ಜತೆ ಇರುತ್ತಾರೆ, ಆಗ ಏನು ಮಾಡುತ್ತಾರೆ? ಆ ಪ್ರಶ್ನೆಯಿಂದಲೇ ಶುರು.

ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ರೂಪಿಸಿದ ತರಬೇತಿಗಳಲ್ಲಿ ಒಂದು ಕ್ರಮವಿದೆ. ಅಲ್ಲಿನ 'ಸಂವಾದ್' ಕೇಂದ್ರವೂ ಅದನ್ನೇ ಮುಂದುವರಿಸಿದೆ. ಮಕ್ಕಳ ಬಗ್ಗೆ ಪಾಠ ಶುರುವಾಗುವ ಮೊದಲು ಪಾಠಕ್ಕೆ ಬಂದವರು ಕಣ್ಮುಚ್ಚಿ ತಮ್ಮ ಬಾಲ್ಯವನ್ನು ನೆನೆಯಬೇಕು. ಯಾರು ಹೊಡೆದರು, ಯಾರು ಎತ್ತಿಕೊಂಡರು, ಯಾವಾಗ ಹೆದರಿಕೆಯಾಯಿತು. ಅಲ್ಲಿಂದ ಮಗುವಿನ ಕಡೆಗೆ ದಾರಿ. ಸ್ಲೈಡಿನಲ್ಲಿ ಇದನ್ನು ಕಲಿಸಲಾಗದು.

┃ ಕಾನೂನು ಕಂಡ ಕುಟುಂಬ ┃
*1999: ಗೀತಾ ಹರಿಹರನ್ ಪ್ರಕರಣ. ತಂದೆ ಬದುಕಿರುವಾಗಲೂ ತಾಯಿ ಮಗುವಿನ ಸಹಜ ಪೋಷಕಿ ಆಗಬಲ್ಲಳು ಎಂದ ಸುಪ್ರೀಂ ಕೋರ್ಟ್.*
*2015: ಮದುವೆಯಾಗದ ತಾಯಿ ಮಗುವಿನ ಪೋಷಕತ್ವ ಕೇಳುವಾಗ ತಂದೆಯ ಹೆಸರು ಬಹಿರಂಗಪಡಿಸಬೇಕಿಲ್ಲ.*
*2022: ದೀಪಿಕಾ ಸಿಂಗ್ ಪ್ರಕರಣ. ಒಂಟಿ ಪೋಷಕರ ಮನೆ, ಮದುವೆಯಿಲ್ಲದೆ ಕೂಡಿ ಬಾಳುವವರ ಮನೆ, ಸಲಿಂಗ ಸಂಗಾತಿಗಳ ಮನೆ, ಇವೂ ಕುಟುಂಬಗಳೇ. ಕಾನೂನಿನ ರಕ್ಷಣೆಗೆ ಅರ್ಹವೇ.*

ಅದೇ ಊರಿನವಳು ಎಂಬ ಬಲ, ಅದೇ ಊರಿನವಳು ಎಂಬ ತೊಡಕು

ಕಾರ್ಯಕರ್ತೆ ಅದೇ ಊರಿನವಳಾಗಿರಬೇಕು ಎಂದು ಯೋಜನೆ ಮಾಡಿದವರು ನಿಯಮವಿಟ್ಟರು. ಐವತ್ತು ವರ್ಷದ ಹಿಂದಿನ ಒಳ್ಳೆಯ ತೀರ್ಮಾನಗಳಲ್ಲಿ ಅದೊಂದು. ಭಾಷೆ ಗೊತ್ತು, ಹಬ್ಬ ಗೊತ್ತು, ಯಾರ ಮನೆಯಲ್ಲಿ ಕುಡಿತ ಇದೆ ಎಂದು ಗೊತ್ತು.

ಆದರೆ ಊರಿನವಳು ಊರಿನ ಜಾತಿಯನ್ನೂ ಹೊತ್ತು ಬರುತ್ತಾಳೆ. ಮೇಲಿನ ಕೇರಿಯ ಟೀಚರ್ ಕೆಳಗಿನ ಕೇರಿಯ ಮನೆಯ ಹೊಸಿಲಾಚೆಯೇ ನಿಂತು 'ಮಗು ಹುಷಾರಾಗಿದೆಯಾ' ಎಂದು ಕೇಳಿ ಬಂದರೆ ಆ ಭೇಟಿ ಆ್ಯಪಿನಲ್ಲಿ ಭೇಟಿಯೇ. ದಲಿತ ಸಹಾಯಕಿ ಅಡುಗೆ ಮಾಡಿದಳೆಂದು ಮಕ್ಕಳನ್ನು ಕಳಿಸದ ಊರುಗಳ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಹೀಗಿರುವಾಗ ತರಬೇತಿಯಲ್ಲಿ ಕಬ್ಬಿಣಾಂಶದ ಪಾಠಕ್ಕೆ ಒಂದು ಗಂಟೆ ಕೊಟ್ಟು ಈ ಮಾತಿಗೆ ಹತ್ತು ನಿಮಿಷವನ್ನೂ ಕೊಡದಿರುವುದು ನನಗೆ ಅರ್ಥವಾಗದ ಲೆಕ್ಕ.

ಭಾಷೆಯ ವಿಚಾರ ಇಷ್ಟು ಕಠಿಣವಲ್ಲ. ಲೈನ್ ಮನೆಗಳಲ್ಲಿ, ಶೆಡ್ಡುಗಳಲ್ಲಿ ಎರಡು ಭಾಷೆ ಬಲ್ಲ ಹೆಂಗಸು ಒಬ್ಬಳಾದರೂ ಇರುತ್ತಾಳೆ. ಅವಳನ್ನೇ ತಾಯಂದಿರ ಸಭೆಗೆ ಜತೆಗೂಡಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ಕೂಸಿನೊಡನೆ ಮನೆಮಾತಿನಲ್ಲೇ ಮಾತಾಡಿ ಎಂದು ತಾಯಿಗೆ ಒತ್ತಿ ಹೇಳುವುದು ಮಾತ್ರ ಮುಖ್ಯ. ಗೋರ್ಮಾಟಿಯಲ್ಲೋ ಬ್ಯಾರಿಯಲ್ಲೋ ಉರ್ದುವಿನಲ್ಲೋ ಹೇಳಿದ ಲಾಲಿ ಮಗುವಿನ ಕನ್ನಡವನ್ನು ಕೆಡಿಸುವುದಿಲ್ಲ.

ಅತಿ ಕಷ್ಟದ ಒಂದು ವಾಕ್ಯ

'ನಿಮ್ಮ ಮಗುವನ್ನು ಒಮ್ಮೆ ಡಾಕ್ಟರಿಗೆ ತೋರಿಸಬೇಕು ಅನ್ಸುತ್ತೆ.'

ಎರಡು ವರ್ಷವಾದರೂ ಹೆಸರು ಕರೆದಾಗ ತಿರುಗದ ಮಗು. ಟೀಚರಿಗೆ ಅನುಮಾನ ಬಂದು ಆರು ತಿಂಗಳಾಗಿರುತ್ತದೆ. ಹೇಳಿದರೆ ಮನೆಯವರು ಅಂಗನವಾಡಿಗೇ ಕಳಿಸುವುದನ್ನು ನಿಲ್ಲಿಸಬಹುದು. 'ಇವರ ಅಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು' ಎನ್ನುವ ಅಜ್ಜಿ ಇದ್ದೇ ಇರುತ್ತಾಳೆ.

2023ರ ನವೆಂಬರ್‌ನಲ್ಲಿ ಬಂದ ಅಂಗವಿಕಲ ಮಕ್ಕಳ ಅಂಗನವಾಡಿ ಮಾರ್ಗಸೂಚಿ ಇದಕ್ಕೆ ಮೂರು ಹೆಜ್ಜೆ ಹೇಳುತ್ತದೆ: ಬೇಗ ಗುರುತಿಸು, ಕೇಂದ್ರದಲ್ಲೇ ಒಳಗೂಡಿಸಿಕೋ, ಆರೋಗ್ಯ ತಂಡದ ಕಡೆಗೆ ಕಳಿಸು. ಸರಿಯಾದ ಹೆಜ್ಜೆಗಳೇ. ಗುರುತಿಸುವುದಕ್ಕೂ ಕಳಿಸುವುದಕ್ಕೂ ನಡುವೆ ಆ ವಾಕ್ಯ ಇದೆ. ಅದನ್ನು ಹೇಳಲು ಬರುವುದು ಹೇಳಿ ಹೇಳಿ ಅಭ್ಯಾಸವಾದಾಗ. ಸಭಾಂಗಣದ ಆ ನಾಟಕ ಮೂರು ದಿನಕ್ಕೊಂದಲ್ಲ, ತಿಂಗಳಿಗೊಂದು ನಡೆಯಬೇಕಾದದ್ದು ಇದಕ್ಕಾಗಿ.

ಗೋವಾ ಮತ್ತು ರಾವಲ್ಪಿಂಡಿಯಲ್ಲಿ ನಡೆದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಆಟಿಸಂ ಇರುವ 65 ಮಕ್ಕಳು. ಮನೆಗೆ ಹೋದವರು ತಜ್ಞರಲ್ಲ, ತರಬೇತಾದ ಸಾಮಾನ್ಯ ಕಾರ್ಯಕರ್ತರು. ತಾಯಿ ಮಗು ಆಡುವುದನ್ನು ವಿಡಿಯೊ ಮಾಡುತ್ತಿದ್ದರು, ಆಮೇಲೆ ತಾಯಿಯ ಪಕ್ಕದಲ್ಲೇ ಕೂತು ಅದನ್ನು ನೋಡುತ್ತಿದ್ದರು. 'ಇಲ್ಲಿ ನೋಡಿ, ನೀವು ಸುಮ್ಮನೆ ಕಾದಿರಿ, ಅವನೇ ನಿಮ್ಮ ಕಡೆ ತಿರುಗಿದ' ಎಂಬಂಥ ಗಳಿಗೆಗಳನ್ನು ಹುಡುಕುವುದೇ ಪಾಠ. ಗೋವಾದ ಸಂಗಾತ್ ಸಂಸ್ಥೆ ಕೈಜೋಡಿಸಿದ್ದ ಈ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮಗುವಿನ ಮನಸ್ಸಿಗೆ ತಕ್ಕಂತೆ ತಾಯಿ ಹೆಜ್ಜೆ ಹಾಕುವುದು ಅಲ್ಲಿ ಎದ್ದು ಕಾಣುವಷ್ಟು ಹೆಚ್ಚಿತ್ತು. ತಪ್ಪು ತೋರಿಸುವ ವಿಡಿಯೊ ಅಲ್ಲ ಅದು, ಸರಿಯಾದದ್ದನ್ನು ತೋರಿಸುವ ವಿಡಿಯೊ.

ವಿಶ್ವ ಆರೋಗ್ಯ ಸಂಸ್ಥೆಯ ಪೋಷಕರ ಕೌಶಲ ತರಬೇತಿಯೂ ಇದೇ ಜಾಡಿನದು. ಬೆಳವಣಿಗೆ ನಿಧಾನವಾದ ಎರಡರಿಂದ ಒಂಬತ್ತು ವರ್ಷದ ಮಕ್ಕಳ ಮನೆಯವರಿಗೆ ಒಂಬತ್ತು ಗುಂಪು ಸಭೆ, ಮೂರು ಮನೆ ಭೇಟಿ. ಮೈಸೂರಿನಲ್ಲಿ 1965ರಿಂದ ಇರುವ ವಾಕ್ ಮತ್ತು ಶ್ರವಣ ಸಂಸ್ಥೆಯ ಆವರಣಕ್ಕೆ ಹೋದರೆ ಮಕ್ಕಳನ್ನು ಕರೆದುಕೊಂಡು ದೂರದೂರಿಂದ ಬಂದ ಅಮ್ಮಂದಿರು ತಾವೇ ಕಲಿಯುತ್ತಿರುವುದನ್ನು ಕಾಣಬಹುದು. ಅಂಥ ತಾಯಿ ಊರಿಗೆ ಮರಳಿದ ಮೇಲೆ ಅಂಗನವಾಡಿ ಟೀಚರಿಗೆ ಅವಳಿಗಿಂತ ಒಳ್ಳೆಯ ಸಂಪನ್ಮೂಲ ವ್ಯಕ್ತಿ ಯಾರಿದ್ದಾರೆ? ಸಭೆಗೆ ಅವಳನ್ನು ಕರೆಯಲು ಯಾವ ಸುತ್ತೋಲೆಯೂ ಬೇಕಿಲ್ಲ.

ಅಪ್ಪ ಎಲ್ಲಿ?

ಸಭೆಯ ಹೆಸರೇ ತಾಯಂದಿರ ಸಭೆ. ಅಪ್ಪಂದಿರು ಬರುವುದಿಲ್ಲ ಎಂದು ದೂರುವುದು ಆಮೇಲಿನ ಮಾತು.

ರುವಾಂಡದಲ್ಲಿ 'ಬಂದೆಬೆರೆಹೊ' ಎಂಬ ಕಾರ್ಯಕ್ರಮ ಎಳೆಯ ಮಕ್ಕಳ ಅಪ್ಪಂದಿರನ್ನೇ ಹಿಡಿಯಿತು. 15 ಸಭೆ, ಕೆಲವಕ್ಕೆ ಹೆಂಡತಿಯರೂ ಬರುತ್ತಿದ್ದರು. ನಡೆಸಿಕೊಟ್ಟವರು ಅದೇ ಊರಿನ ಇತರ ಅಪ್ಪಂದಿರು. 1,199 ಜೋಡಿಗಳನ್ನು ಒಳಗೊಂಡ ಅಧ್ಯಯನದಲ್ಲಿ ಹೆಂಡತಿಗೆ ಹೊಡೆಯುವುದು, ಮಕ್ಕಳಿಗೆ ಹೊಡೆಯುವುದು ಎರಡೂ ತಗ್ಗಿದ್ದವು, ಮನೆಗೆಲಸದಲ್ಲಿ ಅಪ್ಪಂದಿರ ಪಾಲು ಹೆಚ್ಚಿತ್ತು. ಇಲ್ಲಿ ಅಂಗನವಾಡಿ ಟೀಚರೇ ಅಪ್ಪಂದಿರಿಗೂ ಪಾಠ ಹೇಳಲಿ ಎಂದು ಇನ್ನೊಂದು ಹೊರೆ ಹೇರುವುದು ಬೇಡ. ಬಾಲವಿಕಾಸ ಸಮಿತಿಗಳಿವೆ, ಅವುಗಳಲ್ಲಿ ಗಂಡಸರಿಗೂ ಜಾಗವಿದೆ. ಅವರಲ್ಲಿ ಒಬ್ಬಿಬ್ಬರಿಗೆ ತರಬೇತಿ ಕೊಡಬಾರದೇ?

ಇನ್ನೊಂದು ಬದಿಯಲ್ಲಿ ಮಗು ಸಾಕುವ ಪಾಠವನ್ನು ಮಾರುವ ಮಹಾನಗರದ ಪೇಟೆ ಬೇರೆಯೇ ಇದೆ. ವಾರಾಂತ್ಯದ ಕಾರ್ಯಾಗಾರ, ಇನ್‌ಸ್ಟಾಗ್ರಾಂ ರೀಲು, 'ಪೇರೆಂಟಿಂಗ್ ಕೋಚ್' ಎಂಬ ಫಲಕ. ವಾಕ್ ಚಿಕಿತ್ಸಕರಿಗೂ ವಿಶೇಷ ಶಿಕ್ಷಕರಿಗೂ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಕೋಚ್ ಆಗಲು ಯಾರ ಅಪ್ಪಣೆಯೂ ಬೇಡ. ಕೆಲವು ಗಂಟೆಗಳ ಆನ್‌ಲೈನ್ ಕೋರ್ಸಿನ ಪ್ರಮಾಣಪತ್ರ ಗೋಡೆಗೆ ತೂಗಿದರೆ ಸಾಕು, ಶುಲ್ಕ ಗಂಟೆಯ ಲೆಕ್ಕ. ಇಪ್ಪತ್ತು ವರ್ಷ ಕೂಸುಗಳ ನಡುವೆ ಕಳೆದವಳಿಗೆ ಗೌರವಧನ.

ಹನ್ನೊಂದು ಗಂಟೆಯ ಸಭೆ

ಒಡಿಶಾದ 192 ಹಳ್ಳಿಗಳಲ್ಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಒಂದು ಪ್ರಶ್ನೆ ಹಿಡಿದು ಕೆಲಸ ಮಾಡಿದರು. ಮನೆಮನೆಗೆ ಹೋಗುವುದು ಒಳ್ಳೆಯದೋ, ತಾಯಂದಿರನ್ನು ಗುಂಪಾಗಿ ಕೂರಿಸುವುದು ಒಳ್ಳೆಯದೋ? ಎರಡಕ್ಕೂ ಸ್ಥಳೀಯ ಹೆಂಗಸರೇ ಮುಂದಾಳುಗಳು. 2020ರಲ್ಲಿ ಬಂದ ಫಲಿತಾಂಶದ ಪ್ರಕಾರ ಮಕ್ಕಳ ಬುದ್ಧಿಬೆಳವಣಿಗೆಯಲ್ಲಿ ಎರಡೂ ಒಂದೇ. ಖರ್ಚು ಮಾತ್ರ ಗುಂಪಿನದು ಮನೆ ಭೇಟಿಯದರ ಮೂರನೆಯ ಒಂದು ಪಾಲಿಗಿಂತ ಕಡಿಮೆ.

ನಮಗೆ ಇದು ಸಿಹಿ ಸುದ್ದಿ. ತಾಯಂದಿರ ಸಭೆ ಇಲ್ಲಿ ಹೊಸದಲ್ಲ. ಜಾಗ ಇದೆ, ಚಾಪೆ ಇದೆ, ಟೀಚರ್ ಇದ್ದಾಳೆ, ಈಗ 140 ಚಟುವಟಿಕೆಯ ಪುಸ್ತಕವೂ ಇದೆ. ನರೇಗಾ ಕೂಲಿಕಾರರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ ತೆರೆದ 'ಕೂಸಿನ ಮನೆ'ಗಳಲ್ಲಿ ಅದೇ ಕೂಲಿಕಾರರ ನಡುವಿನಿಂದ ಆರಿಸಿದ ಆರೈಕೆದಾರರಿದ್ದಾರೆ. ಅವರಿಗೂ ಈ ಸಭೆಯಲ್ಲಿ ಪಾಲು ಸಿಗಬಹುದು.

ಉಳಿದದ್ದು ಹೊತ್ತಿನ ಪ್ರಶ್ನೆ. ಅಂಗನವಾಡಿಯ ಬಾಗಿಲು ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ, ಸಭೆ ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಆಗ ಬರಬಲ್ಲವರು ಹಗಲು ಮನೆಯಲ್ಲಿರುವವರು. ಗಾರೆಯವಳು, ತೋಟದವಳು, ಗಾರ್ಮೆಂಟ್ಸಿನವಳು, ಒಂಟಿಯಾಗಿ ಮನೆ ನಡೆಸುವವಳು, ಯಾವ ಅಪ್ಪನೂ, ಆ ಹೊತ್ತಿಗೆ ಬರಲಾರರು. ಸಂಜೆ ಆರೂವರೆಗೆ ಸಭೆ ಕರೆದರೆ ಅವರೆಲ್ಲ ಬಂದಾರು. ಆದರೆ ಆ ಹೊತ್ತಿಗೆ ಟೀಚರಿನ ಒಲೆಯ ಮೇಲೂ ಅನ್ನ ಬೇಯಬೇಕು. ತಿಂಗಳಿಗೆ ಎರಡು ಸಂಜೆಯ ಭತ್ಯೆ, ಕತ್ತಲಾದ ಮೇಲೆ ಮನೆಗೆ ಮುಟ್ಟಿಸುವ ಏರ್ಪಾಡು, ಮರುದಿನ ಬೆಳಿಗ್ಗೆ ಎರಡು ಗಂಟೆ ತಡವಾಗಿ ಬರುವ ಅನುಮತಿ: ಇವುಗಳಲ್ಲಿ ಒಂದಾದರೂ ಇಲಾಖೆಯ ಮುಂದಿನ ಸುತ್ತೋಲೆಯಲ್ಲಿ ಬರುತ್ತದೆಯೇ ಎಂದು ನೋಡಬೇಕು.